'ಮಾದರಿ ವಿಮಾನ' ಸಾಲದು, 'ಪಡಿಯಚ್ಚು' ಆಗಬಹುದೇ?

ಗೆಳೆಯರೇ, ನಮಸ್ಕಾರ.

ನನ್ನ ಹತ್ತಿರ ಲೋಹದ ಪುಟ್ಟ ಪ್ರಯಾಣಿಕ ವಿಮಾನಗಳು ಒಂದಷ್ಟಿವೆ. ಹೆಚ್ಚಿನವು 1:400 ಅಳತೆಯವು. ಇತ್ತೀಚೆಗೆ ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ಚೀಟಿ ಬರೆದಿಡೋಣ ಅಂತ ಕೂತೆ. ಯಾವ ವಿಮಾನ, ಯಾರು ಮಾಡಿದ್ದು, ಯಾವ ಅಳತೆ, ಇಷ್ಟೇ. ಮೊದಲ ಚೀಟಿಯಲ್ಲೇ ಪೆನ್ನು ನಿಂತಿತು. ಕರಗಿದ ಲೋಹವನ್ನು ಅಚ್ಚಿಗೆ ತುಂಬಿ, ನಿಜವಾದ ವಿಮಾನವನ್ನೇ ಅಳತೆಗೆ ತಕ್ಕಂತೆ ಕಿರಿದಾಗಿಸಿ ಮಾಡಿದ್ದಕ್ಕೆ ಡೈ-ಕಾಸ್ಟ್ ಸ್ಕೇಲ್ ಮಾಡೆಲ್ ಅನ್ನುತ್ತಾರಲ್ಲ, ಅದಕ್ಕೆ ಏನು ಬರೆಯಲಿ?

'ಮಾದರಿ ವಿಮಾನ' ಅಂತ ಬರೆದೆ. ಅದನ್ನು ಓದಿದ ತಂಗಿಯ ಮಗಳು, "ಹಾಗಂದ್ರೆ ಉಳಿದ ವಿಮಾನಗಳಿಗೆಲ್ಲ ಇದು ಮಾದರಿನಾ, ದೊಡ್ಡಮ್ಮ?" ಅಂತ ಕೇಳಿದಳು. ಅವಳು ಓದಿಕೊಂಡದ್ದು ಸರಿಯಾಗಿಯೇ ಇತ್ತು. ಮಾದರಿ ಶಾಲೆ, ಮಾದರಿ ಗ್ರಾಮ ಅಂದರೆ ಬೇರೆಯವರು ನೋಡಿ ಕಲಿಯಬೇಕಾದದ್ದು. ಮಾದರಿ ಪ್ರಶ್ನೆಪತ್ರಿಕೆ ಅಂದರೆ ಪರೀಕ್ಷೆ ಹೀಗಿರುತ್ತದೆ ಅಂತ ಮೊದಲೇ ತೋರಿಸಲು ಕೊಟ್ಟದ್ದು. ಇನ್ನೂ ಒಂದು ತೊಡಕಿದೆ. ಬೋಯಿಂಗ್ 747-400 ಅನ್ನೋದೇ ಒಂದು 'ಮಾದರಿ'. ಆಗ '747-400 ಮಾದರಿ' ಅಂದರೆ ಆಕಾಶದಲ್ಲಿ ಹಾರೋದೋ, ಕಪಾಟಿನಲ್ಲಿ ಇರೋದೋ?

ಬೇರೆ ಪದಗಳನ್ನೂ ಇಟ್ಟು ನೋಡಿದೆ. 'ಕಿರುವಿಮಾನ' ಕೇಳಲು ಹಿತವಾಗಿದೆ. ಆದರೆ ಇಬ್ಬರು, ನಾಲ್ವರು ಕೂರುವ ನಿಜವಾದ ಸಣ್ಣ ವಿಮಾನಗಳಿವೆಯಲ್ಲ, ಆ ಹೆಸರು ಅವಕ್ಕೇ ಸಲ್ಲಬೇಕು. ವಿಮಾನಕ್ಕೆ ಬಾನೋಡ ಅಂತ ಬರೆಯುವವರು 'ಕಿರುಬಾನೋಡ' ಅಂದರೂ ತೊಡಕು ಅದೇ. 'ಪ್ರತಿಕೃತಿ' ತಪ್ಪಲ್ಲ, ಸ್ವಲ್ಪ ಭಾರ. 'ಆಟಿಕೆ' ಒಂದು ಕಾಲಕ್ಕೆ ಸರಿಯಾಗಿತ್ತು. ಬ್ರಿಟನ್ನಿನ ಆಟಿಕೆ ಕಂಪನಿ ಮೆಕ್ಯಾನೊ 1934ರಲ್ಲಿ ಡಿಂಕಿ ಹೆಸರಿನಲ್ಲಿ ವಿಮಾನಗಳನ್ನು ತಂದಾಗ, ಅವು ಮಕ್ಕಳ ಕೈಗೆಂದೇ ಮಾಡಿದವು. ಆಗಿನ ಬ್ರಿಟಿಷ್ ವಿಮಾನ ಸಂಸ್ಥೆ ಇಂಪೀರಿಯಲ್ ಏರ್‌ವೇಸ್‌ನ ಪ್ರಯಾಣಿಕ ವಿಮಾನವೂ ಆ ಸಾಲಿನಲ್ಲಿತ್ತು. ಎಲ್ಲಕ್ಕೂ ಒಂದೇ ಅಳತೆ ಅಂತ ಇರಲಿಲ್ಲ. ಈಗಿನ ಹರ್ಪಾ, ಜೆಮಿನಿ ಜೆಟ್ಸ್, ಫೀನಿಕ್ಸ್, ಎನ್‌ಜಿ ಮಾಡೆಲ್ಸ್‌ನವರು ಮಾಡುವುದು ಬೇರೆಯೇ ಬಗೆ. ಬಾಲದ ಹತ್ತಿರದ ನೋಂದಣಿ ಅಕ್ಷರಗಳನ್ನೂ ಓದಬಹುದು. ಇದು ಆ ಜಾತಿಯ ಯಾವುದೋ ಒಂದು ವಿಮಾನ ಅಲ್ಲ, ಆ ಅಕ್ಷರಗಳಿರುವ ಅದೇ ಒಂದು ವಿಮಾನ. ಇದನ್ನು ಆಟಿಕೆ ಅನ್ನಲು ನನಗೆ ಮನಸ್ಸಿಲ್ಲ.

ಕೊನೆಗೆ ಹೊಳೆದದ್ದು 'ಪಡಿಯಚ್ಚು'. "ಅಪ್ಪನ ಪಡಿಯಚ್ಚು" ಅನ್ನುತ್ತೇವಲ್ಲ, ಆ ಪದ. ಮೊದಲು ನನಗೇ ಒಂದು ಅನುಮಾನ ಬಂತು. ಪಡಿಯಚ್ಚು ಅಂದರೆ ಎಲ್ಲದರಲ್ಲೂ ಒಂದೇ, ಗಾತ್ರದಲ್ಲೂ ಒಂದೇ ಅಂತ ಆಗುವುದಿಲ್ವಾ? ಆಮೇಲೆ ಅನ್ನಿಸಿತು, ತೊಟ್ಟಿಲಲ್ಲಿರುವ ಮಗುವನ್ನೂ ಅಪ್ಪನ ಪಡಿಯಚ್ಚು ಅಂತಲೇ ಕರೆಯುತ್ತೇವೆ. ಗಾತ್ರ ಎಷ್ಟೇ ಸಣ್ಣದಿರಲಿ, ಮುಖ ಲಕ್ಷಣ ಒಂದೇ ಇದ್ದರೆ ಸಾಕು. ಸ್ಕೇಲ್ ಮಾಡೆಲ್ ಅಂದರೂ ಇದೇ ತಾನೇ?

ಈ ಪದ ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಅದರೊಳಗಿನ 'ಅಚ್ಚು'. ಇಂಥ ವಿಮಾನ ಕೂಡಿಡುವವರ ಮಾತಿನಲ್ಲಿ ಅತಿ ಹೆಚ್ಚು ಬರುವ ಪದ 'ಮೋಲ್ಡ್'. "ಹೊಸ ಮೋಲ್ಡ್ ಬಂದಿದೆ", "ಆ ಮೋಲ್ಡ್‌ನ ಮೂಗು ಸರಿಯಿಲ್ಲ" ಅಂತೆಲ್ಲ ಹೇಳುತ್ತಾರೆ. ಇಲ್ಲಿ ಮೋಲ್ಡ್ ಅಂದರೆ ಕಾರ್ಖಾನೆಯಲ್ಲಿರುವ ಉಕ್ಕಿನ ಅಚ್ಚು ಮಾತ್ರವಲ್ಲ, ಅದರಿಂದ ಹೊರಬಂದ ಆಕಾರವೂ ಹೌದು. ಕನ್ನಡದ 'ಅಚ್ಚು' ಈ ಎರಡನ್ನೂ ಸುಲಭವಾಗಿ ಹೊರುತ್ತದೆ. "ಇವೆರಡೂ ಒಂದೇ ಅಚ್ಚು" ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಬ್ರ್ಯಾಂಡ್ ಮತ್ತು ಅಚ್ಚು ಯಾವಾಗಲೂ ಒಂದೇ ಅಲ್ಲ ಅನ್ನೋದನ್ನೂ ಹೀಗೆ ಹೇಳಬಹುದು. ಜೆಮಿನಿ ಜೆಟ್ಸ್ ಮತ್ತು ಜೆಸಿ ವಿಂಗ್ಸ್ ಡಬ್ಬಿಗಳಲ್ಲಿ ಬರುವ ಎಷ್ಟೋ ವಿಮಾನಗಳ ಹೆಸರು ಬೇರೆ, ಅಚ್ಚು ಒಂದೇ.

'ಎರಕ'ದ ವಿಷಯದಲ್ಲಿ ಮಾತ್ರ ನನಗೆ ಗೊಂದಲವಿದೆ. ಡೈ-ಕಾಸ್ಟ್‌ಗೆ 'ಎರಕದ ವಿಮಾನ' ಅಂತ ಬರೆದರೆ ಅರ್ಥವಾಗುತ್ತದೆ. ಆದರೆ ಎರಕ ಬಂದದ್ದು 'ಎರೆ'ಯಿಂದ. ನೀರೆರೆ, ಎಣ್ಣೆ ಎರೆ, ಹಾಗೆ. ಸುರಿಯುವ ಕೆಲಸ ಅದು. ಇಲ್ಲಿ ಕರಗಿದ ಲೋಹವನ್ನು ಸುಮ್ನೆ ಸುರಿಯುವುದಿಲ್ಲ. ಯಂತ್ರ ಅದನ್ನು ಜೋರಾಗಿ ಒತ್ತಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತದೆ. ಸಣ್ಣ ಸಣ್ಣ ಗೆರೆಗಳೂ ಚೂಪಾಗಿ ಮೂಡುವುದು ಆ ಒತ್ತಡದಿಂದಲೇ. ಹಾಗಾಗಿ 'ಒತ್ತೆರಕ' ಅನ್ನೋಣ ಅನ್ನಿಸಿದೆ. ಒತ್ತು, ಎರಕ, ಎರಡೂ ಗೊತ್ತಿರುವ ಪದಗಳೇ. ನಿಮಗೆ ಹೇಗನ್ನಿಸುತ್ತದೆ?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಡೈ-ಕಾಸ್ಟಿಂಗ್ ಯಂತ್ರಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ. ಆ ಯಂತ್ರ ಇದ್ದದ್ದು ಪುಸ್ತಕ ಮುದ್ರಿಸುವ ಅಚ್ಚುಮೊಳೆಗಳನ್ನು ಎರೆಯಲು! ಲೋಹ ಹೊಯ್ಯುವ ಅಚ್ಚು, ಪುಸ್ತಕ ಅಚ್ಚಾಗುವ ಅಚ್ಚು, ಎರಡಕ್ಕೂ ಕನ್ನಡ ಒಂದೇ ಪದ ಇಟ್ಟುಕೊಂಡಿದೆ. ಈ ವಿಮಾನಗಳೂ ಎರಡು ಸಲ ಅಚ್ಚಾಗುತ್ತವೆ. ಮೊದಲು ಲೋಹ ಅಚ್ಚಿಗೆ ಹೋಗುತ್ತದೆ. ಆಮೇಲೆ ಕಿಟಕಿ, ಬಾಗಿಲು, ಹೆಸರು, ಗುರುತು ಎಲ್ಲ ಅದರ ಮೈಮೇಲೆ ಅಚ್ಚಾಗುತ್ತವೆ. ಇನ್ನು ಕೆಲವು ವಿಮಾನಗಳ ಚಕ್ರ ನಿಜವಾಗಿಯೂ ಉರುಳುತ್ತದೆ. ಆ ಚಕ್ರಗಳ ನಡುವಿನ ಕಡ್ಡಿಗೂ, ಗಾಡಿಯ ಹಾಗೆಯೇ, 'ಅಚ್ಚು' ಅನ್ನಬೇಕು. ಚೀಟಿ ಬರೆಯುವಾಗ ಇದು ಗೊಂದಲ ಮಾಡೀತು ಅನ್ನೋದು ನಿಜ. ಆದರೂ ಇದನ್ನು ಗಮನಿಸಿದ ದಿನ ನನಗೆ ತುಂಬಾ ಖುಷಿಯಾಯಿತು.

ಮೈಮೇಲೆ ಬೀಳುವ ಆ ಎರಡನೇ ಅಚ್ಚಿಗೆ ಟ್ಯಾಂಪೋ ಅನ್ನುತ್ತಾರೆ. ಲೋಹದ ಹಲಗೆಯಲ್ಲಿ ಚಿತ್ರ ಕೊರೆದು ಶಾಯಿ ತುಂಬುತ್ತಾರೆ. ಸಿಲಿಕೋನ್‌ನ ಮೆತ್ತನೆಯ ಉಂಡೆಯೊಂದು ಆ ಶಾಯಿಯನ್ನು ಎತ್ತಿಕೊಂಡು ವಿಮಾನದ ಮೈಮೇಲೆ ಒತ್ತುತ್ತದೆ. ಉಂಡೆ ಮೆತ್ತಗಿರುವುದರಿಂದ ದುಂಡಗಿನ ಮೈಗೂ ಚಿತ್ರ ಸರಿಯಾಗಿ ಕೂರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಒತ್ತಬೇಕು. ಇದಕ್ಕೆ 'ಮೆತ್ತೆಯಚ್ಚು' ಅಂತ ಬರೆದಿದ್ದೇನೆ. ಮೆತ್ತೆಯೂ ಇದೆ, ಬಣ್ಣ ಮೆತ್ತುವುದೂ ಕೇಳಿಸುತ್ತದೆ.

ಇನ್ನು ಸ್ಕೇಲ್. ಕನ್ನಡದಲ್ಲಿ ಸ್ಕೇಲ್ ಅಂದರೆ ಗೆರೆ ಎಳೆಯುವ ಪಟ್ಟಿ ಅಂತ ಮನಸ್ಸಿಗೆ ಬರುತ್ತದೆ. 'ಅಳತೆ' ಸಾಕು ಅಂತ ನನ್ನ ಅಭಿಪ್ರಾಯ. ಕಷ್ಟ ಇರೋದು 1:400 ಅನ್ನೋದನ್ನು ಬಾಯಲ್ಲಿ ಹೇಗೆ ಹೇಳೋದು ಅನ್ನೋದರಲ್ಲಿ. 'ನಾನೂರರಲ್ಲೊಂದು' ಅಂತ ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ನೂರಕ್ಕೊಬ್ಬ, ಸಾವಿರಕ್ಕೊಬ್ಬ ಅಂದ ಹಾಗೆ ಇದು ಅಪರೂಪದ್ದು ಅನ್ನುವ ಅರ್ಥ ಬಂದುಬಿಡುತ್ತದೆ. ಎಣಿಸಿ ಇಷ್ಟೇ ಅಂತ ಮಾಡುವ ವಿಮಾನಗಳೂ ಇರುವುದರಿಂದ, ನಾನೂರು ಮಾಡಿದ್ದಾರೆ, ಅದರಲ್ಲಿ ಇದೊಂದು ಅಂತಲೂ ಓದಬಹುದು. ಈಗ 'ನಾನೂರನೆಯ ಪಾಲು' ಅಂತ ಬರೆಯುತ್ತಿದ್ದೇನೆ. 747-400ರ ಉದ್ದ ಸುಮಾರು 70.7 ಮೀಟರ್. ಅದರ ನಾನೂರನೆಯ ಪಾಲು 17.7 ಸೆಂಟಿಮೀಟರ್. ಹರ್ಪಾದವರು ಹೆಸರು ಮಾಡಿದ ಐನೂರನೆಯ ಪಾಲಿನಲ್ಲಿ 14 ಸೆಂಟಿಮೀಟರ್. ಇನ್‌ಫ್ಲೈಟ್ 200 ಅನ್ನುವ ಬ್ರ್ಯಾಂಡ್ ತನ್ನ ಹೆಸರಲ್ಲೇ ಇಟ್ಟುಕೊಂಡಿರುವ ಇನ್ನೂರನೆಯ ಪಾಲಿನಲ್ಲಿ 35 ಸೆಂಟಿಮೀಟರ್. 'ಪಾಲು' ಅಂದಾಗ ಇನ್ನೊಂದು ಅನುಕೂಲವಿದೆ. ಅಂಕಿ ಜಾಸ್ತಿಯಾದಷ್ಟೂ ವಿಮಾನ ಚಿಕ್ಕದಾಗುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಪಾಲು ಅಂದರೆ ಹಾಗಾಗುವುದಿಲ್ಲ. ಜಾಸ್ತಿ ಜನಕ್ಕೆ ಹಂಚಿದರೆ ಪಾಲು ಚಿಕ್ಕದಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ನನ್ನ ಹತ್ತಿರದ ಒಂದು ಹಳೆಯ ವಿಮಾನದ ರೆಕ್ಕೆಯಲ್ಲಿ ಬಿರುಕು ಕಾಣಿಸಿಕೊಂಡಿದೆ. ಮುಟ್ಟಿದರೆ ಪುಡಿ ಉದುರುತ್ತದೆ. ನೋಡಿದರೆ ಸಂಕಟವಾಗುತ್ತದೆ. ಇದರ ಹೆಸರು ಜಿಂಕ್ ಪೆಸ್ಟ್. ಈ ವಿಮಾನಗಳ ಲೋಹ ಹೆಚ್ಚಿನ ಪಾಲು ಸತು. ಜೊತೆಗೆ ಸುಮಾರು ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ತಾಮ್ರ. ಜರ್ಮನ್ ಹೆಸರುಗಳ ಮೊದಲಕ್ಷರ ಕೂಡಿಸಿ ಇದನ್ನು ಜಮಾಕ್ ಅನ್ನುತ್ತಾರೆ. ತಾಮ್ರ ಅಲ್ಲಿ ಕುಪ್ಫರ್, ಅದೇ ಕೊನೆಯ 'ಕ್'. ಸತುವಿನಲ್ಲಿ ಸ್ವಲ್ಪ ಸೀಸ ಬೆರೆತು ಹೋಗಿದ್ದರೂ ವರ್ಷಗಳ ಮೇಲೆ ಲೋಹ ಒಳಗಿನಿಂದ ಹಾಳಾಗುತ್ತದೆ. ತೇವ ಮತ್ತು ಬಿಸಿ ಅದನ್ನು ಬೇಗ ಮಾಡುತ್ತವೆ. ಮದ್ದಿಲ್ಲ.

ಇದನ್ನು ತುಕ್ಕು ಅನ್ನಲಾಗದು, ತುಕ್ಕು ಕಬ್ಬಿಣಕ್ಕೆ. ಕಿಲುಬು ಅನ್ನಲೂ ಆಗದು, ಅದು ತಾಮ್ರ ಹಿತ್ತಾಳೆಗೆ. ಎರಡೂ ಹೊರಗಿನಿಂದ ಹಿಡಿಯುವಂಥವು, ತಿಕ್ಕಿದರೆ ಒಂದಷ್ಟು ಹೋಗುತ್ತವೆ. 'ಪಿಡುಗು' ಅಂದರೆ ಒಂದರಿಂದ ಇನ್ನೊಂದಕ್ಕೆ ಹರಡುವುದು ಅನ್ನಿಸುತ್ತದೆ. ಇದು ಪಕ್ಕದ ವಿಮಾನಕ್ಕೆ ಅಂಟುವುದಿಲ್ಲ. ನನಗೆ ಸರಿ ಕಂಡದ್ದು 'ಹುಳುಕು'. ಹುಳುಕು ಹಲ್ಲಿನ ಹಾಗೆ, ಮೇಲೆ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ಟೊಳ್ಳಾಗುವುದು. 'ಸತುಹುಳುಕು' ಅಂತ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಲೋಹದ ಕೆಲಸ ಮಾಡುವವರಲ್ಲಿ ಇದಕ್ಕೆ ಈಗಾಗಲೇ ಒಂದು ಮಾತು ಇದ್ದರೆ ದಯವಿಟ್ಟು ತಿಳಿಸಿ, ನನ್ನದನ್ನು ಅಳಿಸಿ ಅದನ್ನೇ ಬರೆಯುತ್ತೇನೆ.

ಅಚ್ಚಿನ ಎರಡು ಹೋಳು ಕೂಡುವಲ್ಲಿ ಲೋಹದ ಮೇಲೆ ಒಂದು ತೆಳು ಗೆರೆ ಉಳಿಯುತ್ತದೆ. ಅದಕ್ಕೂ ಪದ ಬೇಕು. 'ಸಂದು' ಅಂದರೆ ಬಿರುಕಿನ ಹಾಗೆ ಕೇಳಿಸುತ್ತದೆ, 'ಕೂಡುಗೆರೆ' ಪರವಾಗಿಲ್ಲ ಅನ್ನಿಸಿತು.

ಸೋತದ್ದು ಲಿವರಿ ಪದದ ಮುಂದೆ. ಯಜಮಾನ ತನ್ನ ಆಳುಗಳಿಗೆ ಕೊಡುತ್ತಿದ್ದ ಬಟ್ಟೆಗೆ ಫ್ರೆಂಚಿನಲ್ಲಿ ಇದ್ದ ಹೆಸರು ಅದು. ಈಗ ಒಂದು ವಿಮಾನ ಸಂಸ್ಥೆಯ ಬಣ್ಣ, ಪಟ್ಟೆ, ಗುರುತು, ಅಕ್ಷರ ಎಲ್ಲ ಸೇರಿ ಲಿವರಿ. 'ಬಣ್ಣ' ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. 'ವೇಷ' ಅಂದರೆ ಏನೋ ಮರೆಸುತ್ತಿದೆ ಅನ್ನುವ ಅರ್ಥ. 'ಸಮವಸ್ತ್ರ' ಮನುಷ್ಯರಿಗೆ. 'ಮೈಬಣ್ಣ' ಚೆನ್ನಾಗಿದೆ, ಆದರೆ ಅದು ಹುಟ್ಟಿನಿಂದ ಬಂದದ್ದು, ಲಿವರಿ ಹತ್ತು ವರ್ಷಕ್ಕೊಮ್ಮೆ ಬದಲಾಗುವಂಥದ್ದು. 'ತೊಡುಗೆ' ಅಂತ ಒಂದು ಪದ ನಾಲಗೆಯ ತುದಿಯಲ್ಲಿದೆ. "ಹಳೆಯ ತೊಡುಗೆಯ 747" ಅಂದರೆ ನಿಮಗೆ ಏನು ಕಾಣಿಸುತ್ತದೆ? ವಿಮಾನವೇ ಕಾಣಿಸುತ್ತದೆಯೇ, ಬೇರೆ ಏನಾದರೂ ಅಡ್ಡ ಬರುತ್ತದೆಯೇ? ಆ ಜಾಗವನ್ನು ಎಲ್ಲ ಚೀಟಿಗಳಲ್ಲೂ ಖಾಲಿ ಬಿಟ್ಟಿದ್ದೇನೆ.