ಒಪೆರಾಕ್ಕೆ ಸರ್ಕಾರಿ ಅನುದಾನ: ಇಂಗ್ಲೆಂಡಿನಲ್ಲಿ ಲೆಕ್ಕ ಕೇಳುವವರು ಯಾರು?

ಪ್ರಶ್ನೆ (ರಂಗಾಸಕ್ತ):
ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದಾಗ ಕೊಲಿಸಿಯಂ ರಂಗಮಂದಿರದಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾದ ಪ್ರದರ್ಶನವೊಂದನ್ನು ನೋಡಿದೆ. ನಮ್ಮದು ತೀರ ಮೇಲಿನ ಬಾಲ್ಕನಿಯ ಟಿಕೆಟ್. ಅಲ್ಲಿಂದ ಬಗ್ಗಿ ನೋಡಿದರೆ ವೇದಿಕೆಯ ಮುಂದಿನ ತಗ್ಗಿನಲ್ಲಿ ವಾದ್ಯಗಾರರೇ ಐವತ್ತಕ್ಕೂ ಹೆಚ್ಚು ಮಂದಿ, ಸಮೂಹಗಾಯಕರು ಬೇರೆ. ಇಷ್ಟು ಜನರ ಸಂಬಳ ಟಿಕೆಟ್ ಹಣದಿಂದ ಹುಟ್ಟಲಾರದು ಎಂದು ಅಲ್ಲೇ ಅನ್ನಿಸಿತು. ಸರ್ಕಾರದ ಅನುದಾನವಿದೆ ಎಂದು ಮಗಳು ಹೇಳಿದಳು. ಆ ಹಣದ ಲೆಕ್ಕ ಕೇಳುವ ಅಧಿಕಾರ ಯಾರಿಗಿದೆ? ಯಾವ ಒಪೆರಾ ಆಡಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಾರೆಯೇ?

ಉತ್ತರ (ಜಮಾಖರ್ಚು):
ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. ಸಂಸತ್ತು ಮಂಜೂರು ಮಾಡಿದ ಹಣವನ್ನು ಸಂಸ್ಕೃತಿ ಇಲಾಖೆಯು ಆರ್ಟ್ಸ್ ಕೌನ್ಸಿಲ್‌ಗೆ ಕೊಡುತ್ತದೆ. ಯಾವ ತಂಡಕ್ಕೆ ಎಷ್ಟು ಎಂಬುದನ್ನು ಕೌನ್ಸಿಲ್ ನಿರ್ಧರಿಸುತ್ತದೆ. 1946ರಲ್ಲಿ ರಾಜಸನ್ನದು ಪಡೆದು ಆರಂಭವಾದ ಈ ವ್ಯವಸ್ಥೆಯನ್ನು ಅಲ್ಲಿಯವರು 'ಆರ್ಮ್ಸ್ ಲೆಂಗ್ತ್' (ಒಂದು ತೋಳಿನಷ್ಟು ಅಂತರ) ತತ್ವ ಎನ್ನುತ್ತಾರೆ: ಮಂತ್ರಿಗಳು ಕಲೆಯ ಆಯ್ಕೆಗೆ ಕೈಹಾಕಬಾರದು. ಕೌನ್ಸಿಲ್ಲಿನ ಲೆಕ್ಕವನ್ನು ನಮ್ಮ ಸಿಎಜಿಯಂತಹ ಅಧಿಕಾರಿ ತಪಾಸಣೆ ಮಾಡುತ್ತಾರೆ. ಒಪೆರಾ ತಂಡವು ದತ್ತಿ ಸಂಸ್ಥೆಯಾಗಿರುವುದರಿಂದ ತನ್ನ ವಾರ್ಷಿಕ ಲೆಕ್ಕಪತ್ರವನ್ನು ಚಾರಿಟಿ ಕಮಿಷನ್‌ಗೆ ಸಲ್ಲಿಸಬೇಕು. ಯಾರು ಬೇಕಾದರೂ ಅದನ್ನು ತೆರೆದು ಓದಬಹುದು.

ಉತ್ತರ (ಹಳೆಯ ಓದುಗ):
ಲೆಕ್ಕಪತ್ರ ಸಲ್ಲಿಸಿದ ಮಾತ್ರಕ್ಕೆ ನಿಗಾ ಇತ್ತು ಎನ್ನಲಾಗದು. 1997ರಲ್ಲಿ ಲಂಡನ್ನಿನ ಇನ್ನೊಂದು ಒಪೆರಾ ಸಂಸ್ಥೆಯಾದ ರಾಯಲ್ ಒಪೆರಾ ಹೌಸ್, 7.85 ಕೋಟಿ ಪೌಂಡ್ ರಾಷ್ಟ್ರೀಯ ಲಾಟರಿ ಹಣದ ನೆರವಿನೊಂದಿಗೆ ಕಟ್ಟಡದ ನವೀಕರಣಕ್ಕಾಗಿ ಬಾಗಿಲು ಮುಚ್ಚಿದ್ದಾಗಲೇ, ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಜೆರಾಲ್ಡ್ ಕೌಫ್‌ಮನ್ ಅಧ್ಯಕ್ಷತೆಯ ಸಂಸದೀಯ ಸಮಿತಿಯು ಆಡಳಿತ ಮಂಡಳಿಯೂ ಮುಖ್ಯ ಕಾರ್ಯನಿರ್ವಾಹಕಿಯೂ ಹುದ್ದೆ ಬಿಡಬೇಕೆಂದು ಡಿಸೆಂಬರ್‌ನಲ್ಲಿ ನೇರವಾಗಿ ಬರೆಯಿತು. ಮಂಡಳಿಯ ಅಧ್ಯಕ್ಷ ಲಾರ್ಡ್ ಚಾಡ್ಲಿಂಗ್ಟನ್ ಕೂಡಲೇ ರಾಜೀನಾಮೆ ಕೊಟ್ಟರು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಕಾರ್ಯನಿರ್ವಾಹಕಿಯ ನೇಮಕ. ಅದೇ ವರ್ಷ ಆ ಹುದ್ದೆಗೆ ಜಾಹೀರಾತಿಲ್ಲದೆ ಬಂದ ಮೇರಿ ಅಲೆನ್, ಅಲ್ಲಿಯವರೆಗೆ ಅನುದಾನ ಹಂಚುವ ಕೌನ್ಸಿಲ್ಲಿನ ಪ್ರಧಾನ ಕಾರ್ಯದರ್ಶಿಯಾಗಿದ್ದರು! ಕೊಡುವವರೂ ಪಡೆಯುವವರೂ ಒಂದೇ ಮನೆಯವರಾದರೆ ಲೆಕ್ಕ ಕೇಳುವವರು ಯಾರು?

ಪ್ರಶ್ನೆ (ರಂಗಾಸಕ್ತ):
ವಿವರಗಳಿಗೆ ಧನ್ಯವಾದಗಳು. ರಂಗಾಯಣದ ನಿರ್ದೇಶಕರನ್ನು ಸರ್ಕಾರವೇ ನೇಮಿಸುವುದನ್ನು ನೋಡಿ ಬೆಳೆದ ನಮಗೆ ಈ ಅಂತರವೇ ಹೊಸದು. ಅದು ಈಗಲೂ ಉಳಿದಿದೆಯೇ?

ಉತ್ತರ (ಮ್ಯಾಂಚೆಸ್ಟರ್ ಕನ್ನಡಿಗ):
ಹೆಸರಿಗೆ ಉಳಿದಿದೆ. ಲಂಡನ್ನಿನ ಅನುದಾನದ ಒಂದು ಪಾಲನ್ನು ಬೇರೆ ಊರುಗಳಿಗೆ ತಿರುಗಿಸಬೇಕೆಂದು 2022ರ ಆರಂಭದಲ್ಲಿ ಅಂದಿನ ಸಂಸ್ಕೃತಿ ಸಚಿವೆ ನಾಡೀನ್ ಡೋರಿಸ್ ಕೌನ್ಸಿಲ್‌ಗೆ ಸೂಚಿಸಿದ್ದರು. ಆ ನವೆಂಬರ್‌ನಲ್ಲಿ, ನೀವು ನೋಡಿದ ತಂಡಕ್ಕೆ ವರ್ಷಕ್ಕೆ 1.2 ಕೋಟಿ ಪೌಂಡ್‌ಗೂ ಮಿಕ್ಕಿ ಬರುತ್ತಿದ್ದ ನಿಯತ ಅನುದಾನವನ್ನು ಕೌನ್ಸಿಲ್ ಪೂರ್ತಿಯಾಗಿ ನಿಲ್ಲಿಸಿ, ಲಂಡನ್ ಬಿಟ್ಟು ಹೊರಡುವುದಾದರೆ ಮೂರು ವರ್ಷಕ್ಕೆ 1.7 ಕೋಟಿ ಕೊಡುವುದಾಗಿ ಹೇಳಿತು. ಗದ್ದಲವೆದ್ದ ಮೇಲೆ ಒಂದು ವರ್ಷದ ಹಣ ಮರಳಿತು; 2023ರ ಡಿಸೆಂಬರ್‌ನಲ್ಲಿ ತಂಡವು ನಮ್ಮ ಗ್ರೇಟರ್ ಮ್ಯಾಂಚೆಸ್ಟರನ್ನು ಹೊಸ ನೆಲೆಯಾಗಿ ಆರಿಸಿಕೊಂಡಿತು. ಇಲ್ಲಿಗೂ ಒಪೆರಾ ಬರಲಿ ಎಂಬ ಆಸೆ ನನಗೂ ಇದೆ. ಆದರೆ ಒಪೆರಾ ಕ್ಷೇತ್ರದ ಸ್ಥಿತಿಗತಿಯ ಕುರಿತ ಕೌನ್ಸಿಲ್ಲಿನ ವಿಶ್ಲೇಷಣಾ ವರದಿ ಹೊರಬಂದದ್ದು 2024ರಲ್ಲಿ, ತೀರ್ಪು ಕೊಟ್ಟಾದ ಮೇಲೆ. ಹಣ ದುರುಪಯೋಗವಾಗಿದೆ ಎಂಬ ಕಾರಣಕ್ಕೆ ಅನುದಾನ ನಿಂತದ್ದಲ್ಲ. ಹಾಗಾಗಿ ಇದನ್ನು ಲೆಕ್ಕ ಕೇಳುವುದು ಎಂದು ನಾನು ಕರೆಯಲಾರೆ, ಇದು ನೀತಿಯ ಜಾರಿ. ನೀವು ಬಾಲ್ಕನಿಯಿಂದ ಎಣಿಸಿದ ವಾದ್ಯಗಾರರಿಗೆ, ಮುಷ್ಕರದ ಬೆದರಿಕೆಯ ನಂತರ 2024ರಲ್ಲಿ ಆದ ಒಪ್ಪಂದದಂತೆ, ಖಾತರಿಯ ಕೆಲಸ ವರ್ಷಕ್ಕೆ ಏಳು ತಿಂಗಳು ಮಾತ್ರ.