ಕುಂಡದ ದಾಸವಾಳ: ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣ ಹಾಕಿದರೂ ಹಿಡಿಯುತ್ತಿಲ್ಲ

ತಾರಸಿತೋಟ (ದಾವಣಗೆರೆ)
ನಮಸ್ಕಾರ. ತಾರಸಿ ಮೇಲೆ ಕುಂಡದಲ್ಲಿ ದಾಸವಾಳ, ನಿಂಬೆ ಇವೆ. ಬೇಸಿಗೆಯಿಂದ ಬೋರ್ ನೀರೇ ಗತಿ. ಎಲೆ ಹಳದಿ ಆಗುತ್ತಿದೆ, ನರಗಳು ಮಾತ್ರ ಹಸಿರು ಬಲೆ ಹಾಗೆ ಎದ್ದು ಕಾಣುತ್ತವೆ. ಅಂಗಡಿಯವರು ಕಬ್ಬಿಣದ ಕೊರತೆ ಅಂದರು. ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಉಪ್ಪು) ತಂದು ಬುಡಕ್ಕೆ ಹಾಕಿದೆ, ಏನೂ ಪ್ರಯೋಜನ ಇಲ್ಲ. ವಾರಕ್ಕೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಕೂಡ ಕೊಡುತ್ತೇನೆ. ಇದೇ ನೀರು ಕುಡಿದ ಪಕ್ಕದ ಸೈಟಿನ ಮೆಕ್ಕೆಜೋಳ ಮಾತ್ರ ಕಡುಹಸಿರು! ಯಾಕೆ?

ಹಸಿರುಮನೆ
ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಹಾಕಿ ಸರ್, ಸರಿಹೋಗುತ್ತೆ.

ಬೇರುಬಿಳಲು (ಚಳ್ಳಕೆರೆ)
ತಡೀರಿ. ಹಳದಿ ಮೊದಲು ಬಂದಿದ್ದು ಚಿಗುರಿಗಾ, ಬುಡದ ಹಳೆ ಎಲೆಗಾ? ಬಕೆಟ್ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಾ? ಅದರ ಮೇಲೆ ಎರಡು ಹನಿ ನಿಂಬೆರಸ ಬಿಟ್ಟು ನೋಡಿ.

ತಾರಸಿತೋಟ
ಚಿಗುರಿಗೇ. ರಸ ಬಿಟ್ಟ ಕೂಡಲೇ ಬುರುಬುರು ನೊರೆ ಬಂತು.

ಬೇರುಬಿಳಲು
ನೊರೆ ಬಂತು ಅಂದರೆ ನಿಮ್ಮ ನೀರಿನಲ್ಲಿ ಸುಣ್ಣ, ಬೈಕಾರ್ಬನೇಟ್ ಜಾಸ್ತಿ. ಹಳದಿ ಚಿಗುರಿಗೇ ಬಂದಿದ್ದರೆ ಎಪ್ಸಮ್ ಸಾಲ್ಟ್ ಬೇಡ. ಮೆಗ್ನೀಸಿಯಂ ಕಡಿಮೆ ಆದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಳೆ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಸುಲಭವಾಗಿ ಜಾಗ ಬದಲಿಸುವುದಿಲ್ಲ, ಅದಕ್ಕೇ ಚಿಗುರಿಗೆ ಏಟು.

ಕಬ್ಬಿಣ ಮಣ್ಣಿನಲ್ಲಿ ಬೇಕಾದಷ್ಟಿದೆ. ಬೇರಿನ ಕೋಶದ ಪೊರೆ ದಾಟುತ್ತಿಲ್ಲ, ಅಷ್ಟೇ. ಆ ಪೊರೆ ಕೊಬ್ಬಿನ ಪದರ, ಅಯಾನು (ವಿದ್ಯುದಂಶ ಹೊತ್ತ ಕಣ) ಸುಮ್ನೆ ನುಸುಳಲಾರದು. ಪೊರೆಯಲ್ಲಿರುವ ಪ್ರೋಟೀನ್ ಪಂಪುಗಳು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುತ್ತವೆ. ಇದರಿಂದ ಒಳಗಡೆ ಹೊರಗಿಗಿಂತ ಸುಮಾರು 120ರಿಂದ 180 ಮಿಲಿವೋಲ್ಟ್ ಋಣ ಆಗುತ್ತದೆ. ಪೊಟ್ಯಾಸಿಯಂನಂಥ ಧನ ಅಯಾನು ಆ ಸೆಳೆತಕ್ಕೆ ಒಳಗೆ ಬರುತ್ತದೆ. ನೈಟ್ರೇಟ್ ಋಣ ಅಯಾನು, ಅದು ವಾಪಸ್ ಬರುವ ಹೈಡ್ರೋಜನ್ ಜೊತೆ ಸೇರಿಯೇ ಬರಬೇಕು.

ಕಬ್ಬಿಣದ್ದು ಇನ್ನೂ ರಗಳೆ. ಮಣ್ಣಿನಲ್ಲಿ ಅದು ಕರಗದ ಫೆರಿಕ್ (ತುಕ್ಕಿನಂಥ) ರೂಪದಲ್ಲಿರುತ್ತದೆ. ದಾಸವಾಳ, ನಿಂಬೆ, ನಮ್ಮ ಕಡೆಯ ಶೇಂಗಾ ಎಲ್ಲವೂ ಹೈಡ್ರೋಜನ್ ಅಯಾನು ಹೊರಬಿಟ್ಟು ಬೇರಿನ ಸುತ್ತ ಹುಳಿ ಮಾಡುತ್ತವೆ. ಆಮೇಲೆ ಪೊರೆ ಮೇಲಿನ ಕಿಣ್ವ ಕಬ್ಬಿಣವನ್ನು ಕರಗುವ ಫೆರಸ್ ರೂಪಕ್ಕೆ ತರುತ್ತದೆ, ಆಗಲೇ ಸಾಗಣೆ ಪ್ರೋಟೀನ್ ಒಳಗೆ ಎಳೆದುಕೊಳ್ಳುವುದು. ನಿಮ್ಮ ನೀರಿನ ಬೈಕಾರ್ಬನೇಟ್ ಆ ಹುಳಿಯನ್ನೆಲ್ಲ ಅಲ್ಲೇ ನುಂಗಿಬಿಡುತ್ತದೆ. ಅನ್ನಭೇದಿಯೂ ಅದೇ ಮಣ್ಣಿನಲ್ಲಿ ತುಕ್ಕಾಯಿತು. ಇನ್ನಷ್ಟು ಸುರಿದರೂ ಅದೇ ಕತೆ.

ಮೆಕ್ಕೆಜೋಳ ಹುಲ್ಲಿನ ಜಾತಿ. ಅದು ಫೆರಿಕ್ ಕಬ್ಬಿಣವನ್ನೇ ಹಿಡಿಯುವ ಅಂಟುವಸ್ತು ಹೊರಬಿಟ್ಟು, ಅದನ್ನು ಕಬ್ಬಿಣದ ಸಮೇತ ಎಳೆದುಕೊಳ್ಳುತ್ತದೆ. ಆದ್ದರಿಂದ ನೀರು ಗಡಸಾದರೂ ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ತಾರಸಿತೋಟ
ಹಾಗಾದರೆ ಏನು ಮಾಡಲಿ ಅಣ್ಣ?

ಬೇರುಬಿಳಲು
ಮೊದಲು ಕ್ಯಾಲ್ಸಿಯಂ ನೈಟ್ರೇಟ್ ನಿಲ್ಲಿಸಿ. ನೈಟ್ರೇಟ್ ಒಳಗೆ ಹೋಗುವಾಗ ಹೈಡ್ರೋಜನ್ನನ್ನೂ ಕರೆದೊಯ್ಯುತ್ತದೆ, ಬೇರಿನ ಸುತ್ತ ಕ್ಷಾರ ಇನ್ನೂ ಜಾಸ್ತಿ. ಬದಲಿಗೆ ಅಮೋನಿಯಂ ಸಲ್ಫೇಟ್ ಚಿಟಿಕೆಯಷ್ಟು ಕೊಡಿ, ಅದು ಹುಳಿ ಮಾಡುತ್ತದೆ. ಗಿಡಕ್ಕೆ ಹಾಕುವ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸ್ವಲ್ಪ ಸ್ವಲ್ಪವೇ ಹಾಕಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಪಟ್ಟಿ 6ರಿಂದ 6.5 ತೋರಿಸುವವರೆಗೆ. ಬುಡಕ್ಕೆ ಕಬ್ಬಿಣ ಬೇಕೆಂದರೆ ಇಡಿಡಿಎಚ್‌ಎ ಚೀಲೇಟ್ (ಕಬ್ಬಿಣವನ್ನು ಕರಗಿದ ಹಾಗೇ ಹಿಡಿದಿಡುವ ವಸ್ತು) ಕೇಳಿ. ಇಡಿಟಿಎ ಚೀಲೇಟ್ ಬೇಡ, ಅದು ಪಿಎಚ್ 6.5 ದಾಟಿದರೆ ಕಬ್ಬಿಣದ ಹಿಡಿತ ಬಿಡುತ್ತದೆ. ತುರ್ತಿಗೆ ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಬಿಳಿ ಟೈಲ್ಸ್ ಇದ್ದರೆ ದೂರ ಇಡಿ, ಆ ಕಲೆ ಹೋಗಲ್ಲ.

ಹಸಿರುಮನೆ
ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರೆ?

ಬೇರುಬಿಳಲು
ಚೆಲ್ಲಿ. ಬೇರಿಗೆ ಗಾಳಿ ಸಿಗದಿದ್ದರೆ ಎಟಿಪಿ ಹುಟ್ಟುವುದು ಕಡಿಮೆ, ಪಂಪು ಕುಂಟುತ್ತದೆ. ಆಗ ಕಬ್ಬಿಣವಷ್ಟೇ ಅಲ್ಲ, ಬೇರೆ ಖನಿಜಗಳೂ ಸರಿಯಾಗಿ ಬರುವುದಿಲ್ಲ. ಮತ್ತೆ ತಾರಸಿತೋಟದವರೇ, ಈಗಾಗಲೇ ಪೂರ್ತಿ ಬಿಳಿಚಿದ ಎಲೆ ಹಸಿರಾಗುತ್ತೆ ಅಂತ ಕಾಯಬೇಡಿ. ಹೊಸ ಚಿಗುರಿನ ಫೋಟೋ ಹಾಕಿ.