ಅಪ್‌ಡೇಟ್: ಎಂಟ್ರಿಗಳಲ್ಲಿ ಬರುತ್ತಿದ್ದ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಹೋಯಿತು

ಎಕ್ಸ್‌ಎಸ್‌ಎಲ್‌ಟಿಯಿಂದ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಆಟಮ್ ಫೀಡ್ (ಸೈಟ್‌ನ ಹೊಸ ಬರಹಗಳ ಎಕ್ಸ್‌ಎಂಎಲ್ ಪಟ್ಟಿ) ಮಾಡುವಾಗ ಫೀಡ್ ಟ್ಯಾಗ್‌ನಲ್ಲಿ ನೇಮ್‌ಸ್ಪೇಸ್ (ಟ್ಯಾಗ್ ಯಾವ ಗುಂಪಿನದು ಎಂದು ಹೇಳುವ ಹೆಸರು) ಸರಿಯಾಗಿದೆ, ಒಳಗಿನ ಪ್ರತಿ ಎಂಟ್ರಿಯಲ್ಲೂ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ (ನೇಮ್‌ಸ್ಪೇಸ್ ಘೋಷಿಸುವ ಆಟ್ರಿಬ್ಯೂಟ್) ಬರುತ್ತಿದೆ, ಏಕೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು.

ಎಂಟ್ರಿಯ ಟೆಂಪ್ಲೇಟ್ ಇನ್‌ಕ್ಲೂಡ್ ಮಾಡಿದ ಬೇರೆ ಫೈಲ್‌ನಲ್ಲಿದೆ. ಡಿಫಾಲ್ಟ್ ನೇಮ್‌ಸ್ಪೇಸ್ ಇದ್ದದ್ದು ಮುಖ್ಯ ಫೈಲ್‌ನಲ್ಲಿ ಮಾತ್ರ. ಇನ್‌ಕ್ಲೂಡ್ ಮಾಡಿದರೆ ಟೆಂಪ್ಲೇಟ್‌ಗಳು ಬರುತ್ತವೆ, ನೇಮ್‌ಸ್ಪೇಸ್ ಘೋಷಣೆ ಬರುವುದಿಲ್ಲ. ಟ್ಯಾಗ್ ಔಟ್‌ಪುಟ್‌ನಲ್ಲಿ ಯಾವುದರ ಒಳಗೆ ಕೂರುತ್ತದೆ ಅನ್ನೋದು ಲೆಕ್ಕಕ್ಕೇ ಇಲ್ಲ. ಅದನ್ನು ಬರೆದ ಫೈಲ್‌ನಲ್ಲಿ ಆ ಜಾಗಕ್ಕೆ ಯಾವ ಘೋಷಣೆ ಅನ್ವಯಿಸುತ್ತದೋ ಅದೇ ಅಂತಿಮ. ನನ್ನ ಎಂಟ್ರಿಗೆ ನೇಮ್‌ಸ್ಪೇಸೇ ಇರಲಿಲ್ಲ, ಪ್ರೊಸೆಸರ್ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಬರೆದು ಅದನ್ನೇ ತೋರಿಸುತ್ತಿತ್ತು. ಎರಡನೇ ಫೈಲ್‌ನ ಸ್ಟೈಲ್‌ಶೀಟ್ ಟ್ಯಾಗ್‌ಗೂ ಅದೇ ಘೋಷಣೆ ಹಾಕಿದೆ, ಮುಗಿಯಿತು. ದಯವಿಟ್ಟು ಈ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಅನ್ನು ಔಟ್‌ಪುಟ್‌ನಲ್ಲಿ ಹುಡುಕಿ ಅಳಿಸಬೇಡಿ. ಸ್ಟೈಲ್‌ಶೀಟ್‌ನಲ್ಲಿನ (ಎಕ್ಸ್‌ಎಸ್‌ಎಲ್‌ಟಿ ಫೈಲ್‌ನಲ್ಲಿನ) ತಪ್ಪು ಹಾಗೇ ಉಳಿಯುತ್ತದೆ, ಅಲ್ವಾ?

ಇನ್ನೊಂದು ಕಾಟ: ಔಟ್‌ಪುಟ್‌ನಲ್ಲಿ ಬೇಡದ ಪ್ರಿಫಿಕ್ಸ್‌ಗಳು (ನೇಮ್‌ಸ್ಪೇಸ್‌ಗೆ ಕೊಡುವ ಚಿಕ್ಕ ಹೆಸರುಗಳು). ಎಕ್ಸ್‌ಕ್ಲೂಡ್-ರಿಸಲ್ಟ್-ಪ್ರಿಫಿಕ್ಸಸ್ ಹಾಕಿದರೂ ಕೆಲವು ಉಳಿದವು. ಅದು ಸ್ಟೈಲ್‌ಶೀಟ್‌ನಲ್ಲಿ ನೇರವಾಗಿ ಬರೆದ ಟ್ಯಾಗ್‌ಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಮೂಲ ಡಾಕ್ಯುಮೆಂಟ್‌ನಿಂದ ಕಾಪಿ-ಆಫ್ ಮಾಡಿದವುಗಳಿಗೆ ಎಕ್ಸ್‌ಎಸ್‌ಎಲ್‌ಟಿ 2.0ರಲ್ಲಿ ಕಾಪಿ-ನೇಮ್‌ಸ್ಪೇಸಸ್ ಆಟ್ರಿಬ್ಯೂಟ್‌ಗೆ ‘ನೋ’ ಕೊಡಬೇಕು. 1.0ರಲ್ಲಿ ಆ ಸೌಲಭ್ಯ ಇಲ್ಲ. ‘ಎಕ್ಸ್‌ಎಸ್‌ಎಲ್:ಎಲಿಮೆಂಟ್’ ಎಂಬ ಸೂಚನೆ ಬಳಸಿ ಆ ಟ್ಯಾಗ್‌ಗಳನ್ನು ಹೊಸದಾಗಿ ಕಟ್ಟಬೇಕು.